ಡ್ರ್ಯಾಗ್ ರೇಸ್ ಕಾರಿಗೆ ಯಾವ ಸೇಫ್ಟಿ ಸಾಮಾನು ಬೇಕು? ಮೊದಲು ಟೈಮ್ ಸ್ಲಿಪ್ ನೋಡಿ

"ಕಾರನ್ನು ಡ್ರ್ಯಾಗ್ ಸ್ಟ್ರಿಪ್‌ಗೆ ಇಳಿಸಬೇಕು ಅಂತಿದ್ದೀನಿ. ರೋಲ್ ಕೇಜ್ ಬೇಕಾ? ಯಾವ ಹೆಲ್ಮೆಟ್? ಬೈಕಿನದ್ದು ನಡೆಯುತ್ತಾ?" ಓದುಗರಿಂದ ಈ ಪ್ರಶ್ನೆಗಳು ಬರುತ್ತಲೇ ಇವೆ. ಕೇಳಿದವರಿಗೆಲ್ಲ ನಾನು ತಿರುಗಿ ಕೇಳುವುದು ಒಂದೇ: ನಿಮ್ಮ ಕಾರು ಕಾಲು ಮೈಲಿಯನ್ನು ಎಷ್ಟು ಸೆಕೆಂಡಿನಲ್ಲಿ ಮುಗಿಸುತ್ತದೆ? ಅದು ಗೊತ್ತಾದರೆ ಉಳಿದ ಉತ್ತರಗಳೆಲ್ಲ ತಾವಾಗಿಯೇ ಬರುತ್ತವೆ. ಡ್ರ್ಯಾಗ್ ರೇಸಿಂಗ್‌ನಲ್ಲಿ, ಅಂದರೆ ನೇರ ಟ್ರ್ಯಾಕಿನಲ್ಲಿ ನಿಂತಲ್ಲಿಂದ ಹೊರಟು ಕೊನೆಯ ಗೆರೆ ಮುಟ್ಟುವ ಓಟದಲ್ಲಿ, ನಿಯಮಗಳು ಕಾರಿನ ಬೆಲೆ ನೋಡಿ ಬದಲಾಗುವುದಿಲ್ಲ, ಸೆಕೆಂಡು ನೋಡಿ ಬದಲಾಗುತ್ತವೆ.

ಇಲ್ಲಿ ಹೇಳಿರುವುದು ಅಮೆರಿಕದ ಎನ್‌ಎಚ್‌ಆರ್‌ಎ, ಅಂದರೆ ನ್ಯಾಷನಲ್ ಹಾಟ್ ರಾಡ್ ಅಸೋಸಿಯೇಷನ್ ನಿಯಮಗಳ ಬಗ್ಗೆ. ವಾಲಿ ಪಾರ್ಕ್ಸ್ 1951ರಲ್ಲಿ ಕಟ್ಟಿದ ಸಂಸ್ಥೆ ಅದು. ರೂಲ್ ಬುಕ್ ವರ್ಷ ವರ್ಷ ಬದಲಾಗುತ್ತದೆ. ಹಾಗಾಗಿ ಇದನ್ನು ಓದಿ ದಾರಿ ತಿಳಿದುಕೊಳ್ಳಿ, ದುಡ್ಡು ಬಿಚ್ಚುವ ಮೊದಲು ಈ ವರ್ಷದ ಪುಸ್ತಕ ತೆರೆದು ನಿಮ್ಮ ಕ್ಲಾಸಿನ ಪುಟ ಓದಿ.

ಮೊದಲು ಕೆಲವು ಪದಗಳು

ಇ.ಟಿ.: ಕಾರು ಸ್ಟಾರ್ಟಿಂಗ್ ಲೈನ್ ಬಿಟ್ಟ ಕ್ಷಣದಿಂದ ಕೊನೆಯ ಗೆರೆ ಮುಟ್ಟುವವರೆಗಿನ ಸಮಯ. ಹಸಿರು ದೀಪ ಬಂದ ಮೇಲೆ ನೀವು ತಡ ಮಾಡಿದ್ದು ಇದರಲ್ಲಿ ಸೇರುವುದಿಲ್ಲ. ಅದು ರಿಯಾಕ್ಷನ್ ಟೈಮ್, ಬೇರೆ ಲೆಕ್ಕ.

ಟೈಮ್ ಸ್ಲಿಪ್: ಓಟ ಮುಗಿದ ಮೇಲೆ ಕೈಗೆ ಕೊಡುವ ಚೀಟಿ. ಇ.ಟಿ., ವೇಗ ಎಲ್ಲ ಅದರಲ್ಲಿರುತ್ತದೆ.

ಟೆಕ್: ಓಟಕ್ಕೆ ಮುಂಚೆ ಕಾರನ್ನು ಪರೀಕ್ಷಿಸುವ ಸಾಲು. ಇಲ್ಲಿ ಪಾಸಾಗದ ಕಾರು ಟ್ರ್ಯಾಕ್ ಮುಟ್ಟುವುದಿಲ್ಲ.

ರೋಲ್ ಬಾರ್, ರೋಲ್ ಕೇಜ್: ಕಾರು ಮಗುಚಿದರೆ ಡ್ರೈವರನ್ನು ಕಾಯುವ ಉಕ್ಕಿನ ಕೊಳವೆಗಳು. ಬಾರ್ ಅಂದರೆ ಡ್ರೈವರ್ ಹಿಂದಿನ ಕಮಾನು, ಕೇಜ್ ಅಂದರೆ ಡ್ರೈವರ್ ಸುತ್ತಲೂ ಕಟ್ಟಿದ ಪಂಜರ.

ಎಸ್‌ಎಫ್‌ಐ: ಸೇಫ್ಟಿ ಸಾಮಾನುಗಳಿಗೆ ಗುಣಮಟ್ಟದ ಅಳತೆ ಬರೆಯುವ ಲಾಭರಹಿತ ಸಂಸ್ಥೆ. ಬೆಲ್ಟಿಗೆ 16.1, ಬಟ್ಟೆಗೆ 3.2ಎ, ಹೀಗೆ ಒಂದೊಂದಕ್ಕೂ ಒಂದು ನಂಬರು. ಒಂದು ವಿಷಯವನ್ನು ಜಾಸ್ತಿ ಜನ ತಪ್ಪು ತಿಳಿದಿದ್ದಾರೆ. ಎಸ್‌ಎಫ್‌ಐ ಒಂದೊಂದು ಬೆಲ್ಟನ್ನೂ ಕೂತು ಪರೀಕ್ಷೆ ಮಾಡಿ ಮುದ್ರೆ ಒತ್ತುವುದಿಲ್ಲ. ಅಳತೆಗೆ ತಕ್ಕಂತೆ ಪರೀಕ್ಷೆ ಮಾಡಿಸಿ "ನಮ್ಮ ಸಾಮಾನು ಇದಕ್ಕೆ ಹೊಂದುತ್ತದೆ" ಎಂದು ಹೇಳಿಕೊಳ್ಳುವುದು ತಯಾರಕರೇ. ಎಸ್‌ಎಫ್‌ಐ ಆಗಾಗ ಮಾರುಕಟ್ಟೆಯಿಂದ ಮಾದರಿ ತೆಗೆದು ನೋಡುತ್ತದೆ. ನಕಲಿ ಲೇಬಲ್ ಹಚ್ಚಿದ ಮಾಲೂ ಓಡಾಡುತ್ತಿದೆ. ಆದ್ದರಿಂದ ಎಲ್ಲಿಂದ ಕೊಳ್ಳುತ್ತೀರಿ ಅನ್ನುವುದೂ ಮುಖ್ಯ.

ಸ್ನೆಲ್: ಹೆಲ್ಮೆಟ್‌ಗೆ ಮಾನದಂಡ ಬರೆಯುವ ಸಂಸ್ಥೆ. ಪೀಟ್ ಸ್ನೆಲ್ ಎಂಬ ರೇಸರ್ 1956ರಲ್ಲಿ ರೇಸಿನಲ್ಲೇ ತಲೆಗೆ ಪೆಟ್ಟಾಗಿ ತೀರಿಕೊಂಡರು, ಹಾಕಿದ್ದ ಹೆಲ್ಮೆಟ್ ಕಾಪಾಡಲಿಲ್ಲ. ಮರುವರ್ಷ ಅವರ ಹೆಸರಿನಲ್ಲಿ ಈ ಸಂಸ್ಥೆ ಹುಟ್ಟಿತು.

ಹಂತ 1: ನಿಮ್ಮ ಗೆರೆ ಯಾವುದು ಎಂದು ಕಂಡುಕೊಳ್ಳಿ

ಕಾಲು ಮೈಲಿ ಅಂದರೆ 1,320 ಅಡಿ, ಸುಮಾರು 402 ಮೀಟರ್. ಬೀದಿ ಕಾರಿನವರು ನೆನಪಿಡಬೇಕಾದ ಗೆರೆಗಳು ನಾಲ್ಕು: 13.99, 11.49, 10.99 ಮತ್ತು 9.99 ಸೆಕೆಂಡು. ಟ್ರ್ಯಾಕ್ ಅರ್ಧದಷ್ಟೇ ಉದ್ದ, ಅಂದರೆ ಎಂಟನೇ ಒಂದು ಮೈಲಿ ಇದ್ದರೆ ಇವೇ ಗೆರೆಗಳು 8.59, 7.35, 6.99 ಮತ್ತು 6.39 ಆಗುತ್ತವೆ. ಒಂದೊಂದು ಗೆರೆ ದಾಟಿದಾಗಲೂ ಹಳೆಯ ಪಟ್ಟಿಯ ಮೇಲೆ ಹೊಸ ಪಟ್ಟಿ ಬಂದು ಕೂರುತ್ತದೆ. ಹಳೆಯದು ಮಾಫಿ ಆಗುವುದಿಲ್ಲ.

ಸೆಕೆಂಡಿನ ಜೊತೆಗೆ ವೇಗದ ಗೆರೆಗಳೂ ಇವೆ. ಗಂಟೆಗೆ 135 ಮೈಲಿ, ಅಂದರೆ ಸುಮಾರು 217 ಕಿಲೋಮೀಟರ್ ಮುಟ್ಟಿದರೆ ಇ.ಟಿ. ಎಷ್ಟೇ ಇರಲಿ, ನೀವು 9.99ರ ಗುಂಪಿಗೆ ಸೇರಿದಂತೆ. ಟರ್ಬೊ ಹಾಕಿದ ಕಾರಿನವರು ಇಲ್ಲಿ ಸಿಕ್ಕಿಬೀಳುತ್ತಾರೆ. ಹೊರಡುವಾಗ ಟೈರ್ ಜಾರಿ ಸಮಯ ಹಾಳಾಗಿರುತ್ತದೆ, ಇ.ಟಿ. ನೋಡಿದರೆ 10.4. ಆದರೆ ಕೊನೆಯಲ್ಲಿ ವೇಗ 138. ಸ್ಲಿಪ್ಪಿನ ಎರಡೂ ಸಾಲು ಓದಿ.

ಇನ್ನೊಂದು ಗುಂಡಿ, ತುಂಬಾ ಜನ ಬೀಳುವಂಥದ್ದು. ಮಧ್ಯಾಹ್ನದ ಬಿಸಿಲಲ್ಲಿ ಕಾರು 11.58 ಓಡಿತು, ರೋಲ್ ಬಾರ್ ಬೇಡ ಅಂತ ಸಮಾಧಾನ. ಸಂಜೆ ಗಾಳಿ ತಣ್ಣಗಾಗುತ್ತದೆ. ತಣ್ಣನೆ ಗಾಳಿ ದಟ್ಟ, ಅದರಲ್ಲಿ ಆಮ್ಲಜನಕ ಜಾಸ್ತಿ, ಎಂಜಿನ್ನಿಗೆ ಬಲ ಜಾಸ್ತಿ. ಅದೇ ಕಾರು ಯಾರೂ ಮುಟ್ಟದೆಯೇ 11.45 ಓಡುತ್ತದೆ. ಆಗ ಓಟ ನಡೆಸುವವರು ಕಂಟ್ರೋಲ್ ಟವರ್‌ನಿಂದ ನಿಮ್ಮ ನಂಬರು ಕೂಗುತ್ತಾರೆ, ಸಾಮಾನ್ಯವಾಗಿ ಅವತ್ತಿನ ಓಟ ಅಲ್ಲಿಗೆ ಮುಗಿಯಿತು. ಆದ್ದರಿಂದ ಕಾರು ಇವತ್ತು ಓಡಿದ ಸಮಯಕ್ಕಲ್ಲ, ಅದರ ಕೈಲಿ ಆಗುವ ಅತಿ ಕಡಿಮೆ ಸಮಯಕ್ಕೆ ಸಾಮಾನು ಹೊಂದಿಸಿ. ಮುಂದಿನ ವರ್ಷ ನೈಟ್ರಸ್ (ಎಂಜಿನ್ನಿಗೆ ಹೆಚ್ಚು ಬಲ ಕೊಡುವ ಗ್ಯಾಸ್) ಹಾಕುವ ಯೋಚನೆ ಇದ್ದರೆ ಇವತ್ತೇ ಅದರ ಗೆರೆಗೆ ಕಟ್ಟಿಸಿ. ಬಾರ್ ಹಾಕಿಸಿ, ವರ್ಷ ಬಿಟ್ಟು ಅದನ್ನೇ ಕತ್ತರಿಸಿ ಕೇಜ್ ಮಾಡಿಸುವುದು ಎರಡು ಸಲ ಮನೆ ಕಟ್ಟಿದ ಹಾಗೆ.

ಹೊಸ ಕಾರುಗಳಿಗೆ ಒಂದು ರಿಯಾಯಿತಿ ಉಂಟು. 2014 ಮತ್ತು ಅದರ ನಂತರದ ಮಾಡೆಲ್ ಆಗಿದ್ದು, ಕಂಪನಿಯಿಂದ ಬಂದಂತೆಯೇ ಇದ್ದು, ಏರ್‌ಬ್ಯಾಗ್, ಎಬಿಎಸ್, ಬೆಲ್ಟ್ ಎಲ್ಲ ಸರಿಯಾಗಿ ಕೆಲಸ ಮಾಡುತ್ತಿದ್ದರೆ 9.00 ಸೆಕೆಂಡು ಅಥವಾ 150 ಮೈಲಿ ವೇಗದ ಮಿತಿಯವರೆಗೆ ಕೇಜ್ ಇಲ್ಲದೆ ಓಡಬಹುದು. ಅದಕ್ಕಿಂತ ಒಂದು ಕೂದಲೆಳೆ ಆಚೆ ಹೋದರೂ ಇಲ್ಲ. 2023ರಲ್ಲಿ ಬಂದ ಡಾಜ್ ಡೀಮನ್ 170 ಕಾರು 8.91 ಸೆಕೆಂಡಿನಲ್ಲಿ, 151 ಮೈಲಿ ವೇಗದಲ್ಲಿ ಓಡಿತು. ಎರಡೂ ಗೆರೆ ದಾಟಿತು, ಎನ್‌ಎಚ್‌ಆರ್‌ಎ ಪತ್ರ ಬರೆದು ಕೇಜ್ ಇಲ್ಲದೆ ಆಗುವುದಿಲ್ಲ ಅಂದಿತು. ಕಂಪನಿ ಅದನ್ನೇ ಜಾಹೀರಾತು ಮಾಡಿಕೊಂಡಿತು, ಅದು ಬೇರೆ ಮಾತು. ನೆನಪಿಡಬೇಕಾದ್ದು: ಸೀಟು ಬಿಚ್ಚಿ ತೂಕ ಇಳಿಸಿದ, ಏರ್‌ಬ್ಯಾಗ್ ತೆಗೆದ ಕಾರಿಗೆ ಈ ರಿಯಾಯಿತಿ ಸಿಗುವುದಿಲ್ಲ.

ಹಂತ 2: ಎಷ್ಟೇ ನಿಧಾನದ ಕಾರಾದರೂ ಬೇಕಾದ್ದು

ಟೆಕ್‌ನಲ್ಲಿ ವಾಪಸ್ ಬರುವ ಕಾರುಗಳಲ್ಲಿ ಬಹುಪಾಲು ಇಂಥ ಸಣ್ಣ ವಿಷಯಕ್ಕೇ ಬರುತ್ತವೆ.

ರೇಡಿಯೇಟರ್ ಉಕ್ಕಿದರೆ ನೀರು ಹಿಡಿಯುವ ಡಬ್ಬಿ ಇರಬೇಕು, ಕನಿಷ್ಠ 16 ಔನ್ಸ್, ಅಂದರೆ ಹತ್ತಿರ ಹತ್ತಿರ ಅರ್ಧ ಲೀಟರ್. ಟ್ರ್ಯಾಕ್ ಮೇಲೆ ಕೂಲಂಟ್ ಚೆಲ್ಲಿದರೆ ಹಿಂದೆ ಬರುವವರ ಗತಿ ಏನು? ಅದು ಎಣ್ಣೆಯಷ್ಟೇ ಜಾರುತ್ತದೆ, ಒರೆಸಿದರೂ ಬೇಗ ಹೋಗುವುದಿಲ್ಲ.

ಚಕ್ರದ ನಟ್ಟು ಸ್ಟಡ್ಡಿನ ದಪ್ಪದಷ್ಟು ಆಳವಾದರೂ ಹಲ್ಲು ಕಚ್ಚಿರಬೇಕು. ಅರ್ಧ ಇಂಚಿನ ಸ್ಟಡ್ಡಾದರೆ ಅರ್ಧ ಇಂಚು ಥ್ರೆಡ್. ದಪ್ಪ ಅಲಾಯ್ ಚಕ್ರ ಹಾಕಿ ಹಳೆಯ ಸ್ಟಡ್ಡನ್ನೇ ಉಳಿಸಿಕೊಂಡವರು ಇಲ್ಲಿ ಸಿಗುತ್ತಾರೆ.

ಆಕ್ಸಿಲರೇಟರ್‌ನಿಂದ ಕಾಲು ತೆಗೆದರೆ ಥ್ರಾಟಲ್ ತಾನೇ ಮುಚ್ಚಬೇಕು, ಅದಕ್ಕೆ ಸ್ಪ್ರಿಂಗ್ ಇರಬೇಕು. ಆಟೋಮ್ಯಾಟಿಕ್ ಗೇರಿನ ಕಾರು ಗೇರಿನಲ್ಲಿರುವಾಗ ಸ್ಟಾರ್ಟ್ ಆಗಬಾರದು. ಕಂಪನಿಯದ್ದಲ್ಲದ ಶಿಫ್ಟರ್ (ಗೇರ್ ಲಿವರ್) ಹಾಕಿಸಿದ್ದರೆ ರಿವರ್ಸಿಗೆ ತಪ್ಪಿ ಬೀಳದ ಹಾಗೆ ಸ್ಪ್ರಿಂಗ್ ಲಾಕ್ ಇರಬೇಕು.

ಬ್ಯಾಟರಿಯ ಬಗ್ಗೆ ಸ್ವಲ್ಪ ನಿಧಾನಿಸೋಣ. ತೂಕ ಹಿಂದಿನ ಚಕ್ರದ ಮೇಲೆ ಬೀಳಲಿ ಅಂತ ಬ್ಯಾಟರಿಯನ್ನು ಡಿಕ್ಕಿಗೆ ಸಾಗಿಸುವವರು ಬಹಳ. ಸಾಗಿಸಿದ ಕೂಡಲೇ ಎರಡು ಕೆಲಸ ಹೆಚ್ಚುತ್ತವೆ. ಒಂದು, ಡಿಕ್ಕಿಗೂ ಡ್ರೈವರಿಗೂ ನಡುವೆ ಲೋಹದ ಗೋಡೆ ಬೇಕು, ಇಲ್ಲವೇ ಬ್ಯಾಟರಿ ಹೊರಗೆ ಗಾಳಿ ಬಿಡುವ ಮುಚ್ಚಿದ ಪೆಟ್ಟಿಗೆಯಲ್ಲಿರಬೇಕು. ಎರಡು, ಕಾರಿನ ಹಿಂಭಾಗದಲ್ಲಿ ಹೊರಗಿನಿಂದ ಕೈಗೆ ಸಿಗುವ ಮಾಸ್ಟರ್ ಕಟಾಫ್ ಸ್ವಿಚ್ ಬೇಕು. ಅದು ಪಾಸಿಟಿವ್ ಕಡೆಯಲ್ಲಿರಬೇಕು, "ಆಫ್" ಎಂದು ಸ್ಪಷ್ಟವಾಗಿ ಬರೆದಿರಬೇಕು. ಒತ್ತಿ ಎಳೆಯುವ ಮಾದರಿಯಾದರೆ ಒತ್ತಿದಾಗ ಆಫ್ ಆಗಬೇಕು, ಎಳೆದಾಗಲ್ಲ. ಅಪಘಾತವಾದಾಗ ಓಡಿ ಬಂದ ಸಿಬ್ಬಂದಿ ಯೋಚನೆ ಮಾಡುತ್ತ ನಿಲ್ಲಬಾರದು, ಅಲ್ವಾ?

ಈಗ ಮುಖ್ಯ ಗುಂಡಿ. ಸ್ವಿಚ್ ಬ್ಯಾಟರಿಯನ್ನು ಕಡಿದರೆ ಸಾಲದು, ಓಡುತ್ತಿರುವ ಎಂಜಿನ್ ನಿಲ್ಲಬೇಕು. ಆಲ್ಟರ್ನೇಟರ್ ಇರುವ ಕಾರಿನಲ್ಲಿ ಬ್ಯಾಟರಿ ಕಡಿದರೂ ಎಂಜಿನ್ ಆರಾಮಾಗಿ ಓಡುತ್ತಲೇ ಇರುತ್ತದೆ, ಆಲ್ಟರ್ನೇಟರೇ ಕರೆಂಟ್ ಕೊಡುತ್ತಿರುತ್ತದೆ. ಆಲ್ಟರ್ನೇಟರಿನ ಔಟ್‌ಪುಟ್ ವೈರನ್ನು ನೇರ ಹಿಂದಕ್ಕೆ ಎಳೆದು ಸ್ವಿಚ್ಚಿನ ಬ್ಯಾಟರಿ ಕಡೆಯ ತುದಿಗೆ ಕೊಡಿ. ಇಲ್ಲದಿದ್ದರೆ ಆಲ್ಟರ್ನೇಟರನ್ನೂ ಜೊತೆಗೇ ಕಡಿಯುವ ನಾಲ್ಕು ಪೋಲಿನ ಸ್ವಿಚ್ ಹಾಕಿ. ಮನೆಯಲ್ಲೇ ಎಂಜಿನ್ ಓಡಿಸಿ ಸ್ವಿಚ್ ಒತ್ತಿ ನೋಡಿ. ಟೆಕ್‌ನವರೂ ಅದನ್ನೇ ಮಾಡುವುದು.

ಹಂತ 3: 13.99 ಗೆರೆ: ಹೆಲ್ಮೆಟ್ ಮತ್ತು ಶಾಫ್ಟ್ ಲೂಪ್

13.99 ಅಥವಾ ಅದಕ್ಕಿಂತ ಕಡಿಮೆ ಸಮಯಕ್ಕೆ ಹೆಲ್ಮೆಟ್ ಕಡ್ಡಾಯ. ಸ್ನೆಲ್ ಸ್ಟಿಕ್ಕರ್‌ನಲ್ಲಿ ಎರಡು ಅಕ್ಷರ ನೋಡಿ: ಎಸ್‌ಎ ಅಥವಾ ಎಂ. ಎಂ ಅಂದರೆ ಮೋಟಾರ್‌ಸೈಕಲ್. ಎಸ್‌ಎ ಕಾರ್ ರೇಸಿಗೆಂದೇ ಮಾಡಿದ್ದು. ಅದರ ಒಳಪದರ ಬೆಂಕಿ ತಡೆಯುತ್ತದೆ, ರೋಲ್ ಬಾರಿಗೆ ಒಂದೇ ಕಡೆ ಮತ್ತೆ ಮತ್ತೆ ಬಡಿದರೂ ತಾಳುತ್ತದೆಯೇ ಎಂಬ ಪರೀಕ್ಷೆಯೂ ಆಗಿರುತ್ತದೆ. ನಿಧಾನದ ಕಾರುಗಳಿಗೆ ಎಂ ನಡೆಯುತ್ತದೆ. ನನ್ನ ಸಲಹೆ ಕೇಳಿದರೆ ಮೊದಲ ಸಲವೇ ಎಸ್‌ಎ ಕೊಳ್ಳಿ. ಕಾರು ಮುಂದಿನ ಗೆರೆ ದಾಟಿದಾಗ ಎರಡನೇ ಹೆಲ್ಮೆಟ್ ಖರ್ಚು ಉಳಿಯುತ್ತದೆ.

ಸ್ಟಿಕ್ಕರ್ ಹೆಲ್ಮೆಟ್ಟಿನ ಒಳಗೆ ಬಟ್ಟೆಯ ಅಡಿಯಲ್ಲಿರುತ್ತದೆ. ಹಿಂಬದಿಯಲ್ಲಿ ಬರೀ ಡಾಟ್ (ಅಮೆರಿಕದ ಸಾರಿಗೆ ಇಲಾಖೆ) ಗುರುತು ಕಂಡು "ಇದೆಯಲ್ಲ" ಅಂದುಕೊಳ್ಳಬೇಡಿ, ಅದು ಬೇರೆ ಮಾನದಂಡ. ಅಕ್ಷರದ ಪಕ್ಕದ ವರ್ಷವೂ ಮುಖ್ಯ: ಎಸ್‌ಎ 2015, ಎಸ್‌ಎ 2020, ಹೀಗೆ. ಹೊಸ ಮಾನದಂಡ ಬಂದ ಮೇಲೆ ಹಳೆಯದಕ್ಕೆ ಒಂದು ಕೊನೆಯ ದಿನ ಗೊತ್ತು ಮಾಡುತ್ತಾರೆ. ಅಗ್ಗಕ್ಕೆ ಸಿಗುವ ಹೆಲ್ಮೆಟ್ಟಿನ ಕೊನೆಯ ದಿನ ಸಾಮಾನ್ಯವಾಗಿ ಹತ್ತಿರದಲ್ಲೇ ಇರುತ್ತದೆ.

ಇದೇ ಗೆರೆಯಲ್ಲಿ, ಸ್ಲಿಕ್ ಟೈರ್ ಹಾಕಿದ ಕಾರಿಗೆ ಪ್ರೊಪೆಲ್ಲರ್ ಶಾಫ್ಟ್ ಲೂಪ್ ಬೇಕು, ಅಂದರೆ ಎಂಜಿನ್ನಿನ ಬಲವನ್ನು ಹಿಂದಿನ ಚಕ್ರಕ್ಕೆ ಒಯ್ಯುವ ಉದ್ದನೆ ಶಾಫ್ಟಿನ ಸುತ್ತ ಒಂದು ಬಳೆ. ಸ್ಲಿಕ್ ಅಂದರೆ ಗೀರುಗಳಿಲ್ಲದ, ನುಣುಪಾದ, ಗಟ್ಟಿಯಾಗಿ ಹಿಡಿಯುವ ರೇಸ್ ಟೈರ್. ಬೀದಿ ಟೈರ್ ಇದ್ದರೆ ಲೂಪ್ 11.49ಕ್ಕೆ ಕಡ್ಡಾಯ. ಟೈರ್ ಯಾಕೆ ಲೆಕ್ಕಕ್ಕೆ ಬರುತ್ತದೆ? ಬೀದಿ ಟೈರ್ ಜಾರಿ ಬಲವನ್ನು ಬಿಟ್ಟುಕೊಡುತ್ತದೆ. ಸ್ಲಿಕ್ ಜಾರುವುದಿಲ್ಲ, ಆ ಬಲವೆಲ್ಲ ಶಾಫ್ಟಿನ ಮೇಲೆ ಬೀಳುತ್ತದೆ. ಮುಂದಿನ ಯೂನಿವರ್ಸಲ್ ಜಾಯಿಂಟ್ ಮುರಿದರೆ ಶಾಫ್ಟಿನ ಮುಂತುದಿ ಕೆಳಗೆ ಬಿದ್ದು ನೆಲಕ್ಕೆ ನಾಟಿಕೊಳ್ಳುತ್ತದೆ, ಕಾರು ಅದರ ಮೇಲೆ ಗಳ ಊರಿ ಹಾರಿದಂತೆ ಏಳುತ್ತದೆ. ಅದಕ್ಕೇ ಲೂಪ್ ಮುಂದಿನ ಜಾಯಿಂಟಿನಿಂದ 6 ಇಂಚಿನೊಳಗೆ ಇರಬೇಕು, ಶಾಫ್ಟನ್ನು ಸುತ್ತಲೂ ಪೂರ್ತಿ ಬಳಸಿರಬೇಕು. ಕಾಲು ಇಂಚು ದಪ್ಪ, 2 ಇಂಚು ಅಗಲದ ಕಬ್ಬಿಣದ ಪಟ್ಟಿಯಾದರೆ ಸರಿ. ಮಧ್ಯದಲ್ಲೆಲ್ಲೋ ಜಾಗ ಸಿಕ್ಕಿತು ಅಂತ ಅಲ್ಲಿ ಹಾಕಿದ ಲೂಪ್ ಟೆಕ್‌ನಲ್ಲೂ ನಡೆಯುವುದಿಲ್ಲ, ಶಾಫ್ಟ್ ಮುರಿದಾಗಲೂ ಕೆಲಸಕ್ಕೆ ಬರುವುದಿಲ್ಲ.

ಹಂತ 4: 11.49 ಗೆರೆ: ರೋಲ್ ಬಾರ್, ಬೆಲ್ಟ್, ಕ್ಲಚ್

ಇಲ್ಲಿಂದ ಆಟ ಗಂಭೀರ. ರೋಲ್ ಬಾರ್ ಅಂದರೆ ಡ್ರೈವರ್ ಹಿಂದೆ ನಿಲ್ಲುವ ಕಮಾನು, ಅದಕ್ಕೆ ಹಿಂದಕ್ಕೆ ಎರಡು ಆಸರೆ, ಡ್ರೈವರ್ ಬಾಗಿಲ ಕಡೆ ಒಂದು ಅಡ್ಡ ಕೊಳವೆ. ಕೊಳವೆಯ ಹೊರಸುತ್ತಿನ ಅಡ್ಡಳತೆ ಒಂದೂ ಮುಕ್ಕಾಲು ಇಂಚು ಇರಬೇಕು. ಗೋಡೆಯ ದಪ್ಪ ಮೈಲ್ಡ್ ಸ್ಟೀಲ್ ಆದರೆ 0.118 ಇಂಚು, ಅಂದರೆ 3 ಮಿಲಿಮೀಟರ್. ಕ್ರೋಮೋಲಿ ಆದರೆ 0.083 ಇಂಚು. ಕ್ರೋಮೋಲಿ ಅಂದರೆ ಕ್ರೋಮಿಯಂ ಮತ್ತು ಮಾಲಿಬ್ಡಿನಂ ಸೇರಿಸಿದ ಉಕ್ಕು, ತೆಳುವಾಗಿದ್ದರೂ ಗಟ್ಟಿ. ಹಿಂದಿನ ಆಸರೆಗಳು ಕಮಾನಿನ ತುದಿಯಿಂದ 5 ಇಂಚಿನೊಳಗೆ ಸೇರಬೇಕು. ಪ್ರತ್ಯೇಕ ಚಾಸಿ (ಅಡಿಯ ಚೌಕಟ್ಟು) ಇಲ್ಲದ ಕಾರಾದರೆ ಕೊಳವೆ ನೆಲ ಮುಟ್ಟುವಲ್ಲಿ 6 ಇಂಚು ಚೌಕದ ತಗಡು ಇರಬೇಕು, ಇಲ್ಲದಿದ್ದರೆ ಕಾರು ಮಗುಚಿದಾಗ ಕೊಳವೆ ತೆಳ್ಳನೆ ನೆಲವನ್ನು ಚುಚ್ಚಿಕೊಂಡು ಹೋಗುತ್ತದೆ.

ಬಾರ್ ಬಂದರೆ ಜೊತೆಗೆ ಎಸ್‌ಎಫ್‌ಐ 16.1 ಬೆಲ್ಟ್ ಬರಲೇಬೇಕು. ಭುಜದ ಪಟ್ಟಿ ಎಲ್ಲಿ ಕಟ್ಟುತ್ತೀರಿ ಅನ್ನುವುದೇ ಇಲ್ಲಿ ಪ್ರಾಣದ ವಿಷಯ. ಪಟ್ಟಿ ಭುಜದ ಮಟ್ಟದಲ್ಲಿ ಅಥವಾ ಅದಕ್ಕಿಂತ 4 ಇಂಚು ಕೆಳಗಿನೊಳಗೆ ಹಿಂದಿನ ಅಡ್ಡ ಕೊಳವೆಗೆ ಹೋಗಬೇಕು. ಹಿಂದಿನ ಸೀಟಿನ ನೆಲಕ್ಕೆ ಬೋಲ್ಟ್ ಹಾಕಿ ಮುಗಿಸಿದವರನ್ನು ನೋಡಿದ್ದೇನೆ. ಡಿಕ್ಕಿಯಾದಾಗ ಮೈ ಮುಂದಕ್ಕೆ ಹೋಗುತ್ತದೆ, ಪಟ್ಟಿ ಭುಜವನ್ನು ಕೆಳಕ್ಕೆ ಎಳೆಯುತ್ತದೆ, ನಡುವೆ ಸಿಕ್ಕ ಬೆನ್ನುಮೂಳೆ ಅದುಮಿಹೋಗುತ್ತದೆ. ಕಾಪಾಡಬೇಕಾದ ಬೆಲ್ಟೇ ಬೆನ್ನು ಮುರಿಯುತ್ತದೆ. ಸೊಂಟದ ಪಟ್ಟಿಯೂ ಹೊಟ್ಟೆಯ ಮೇಲಲ್ಲ, ಸೊಂಟದ ಮೂಳೆಯ ಮೇಲೆ ಕೂರಬೇಕು.

ಕ್ಲಚ್ ಇರುವ ಕಾರಿಗೆ ಎಸ್‌ಎಫ್‌ಐ 1.1 ಅಥವಾ 1.2 ಕ್ಲಚ್ ಮತ್ತು ಫ್ಲೈವೀಲ್ (ಎಂಜಿನ್ನಿನ ಜೊತೆ ಸುತ್ತುವ ಭಾರದ ಚಕ್ರ), ಅದರ ಸುತ್ತ ಸಿಡಿದ ಚೂರು ಹಿಡಿಯುವ ಉಕ್ಕಿನ ಕವಚ ಬೇಕು. ಬೀದಿ ಕಾರಿನ ಎರಕದ ಫ್ಲೈವೀಲ್ ಜಾಸ್ತಿ ಸುತ್ತಿದರೆ ಒಡೆಯುತ್ತದೆ, ಚೂರುಗಳು ಗುಂಡಿನಂತೆ ಹಾರುತ್ತವೆ. ಅವು ಹಾರುವ ದಾರಿಯಲ್ಲೇ ನಿಮ್ಮ ಪಾದಗಳಿರುತ್ತವೆ. 1970ರ ಮಾರ್ಚ್ 8ರಂದು ಲಯನ್ಸ್ ಡ್ರ್ಯಾಗ್ ಸ್ಟ್ರಿಪ್‌ನಲ್ಲಿ ಹೆಸರಾಂತ ರೇಸರ್ ಡಾನ್ ಗಾರ್ಲಿಟ್ಸ್ ಅವರ ಡ್ರ್ಯಾಗ್‌ಸ್ಟರಿನ (ಡ್ರ್ಯಾಗ್ ರೇಸಿಗೆಂದೇ ಕಟ್ಟಿದ ಉದ್ದನೆ ಕಾರು) ಟ್ರಾನ್ಸ್‌ಮಿಷನ್ ಸಿಡಿದು ಅವರ ಬಲಪಾದದ ಒಂದು ಭಾಗ ಹೋಯಿತು. ಎಂಜಿನ್ ಹಿಂದೆ ಇರುವ ಕಾರು ಕಟ್ಟಿಕೊಂಡು ಮರುವರ್ಷ ಅವರು ವಾಪಸ್ ಬಂದರು. ಟಾಪ್ ಫ್ಯೂಯಲ್ ಎಂಬ ಅತಿ ವೇಗದ ಕ್ಲಾಸಿನ ಡ್ರ್ಯಾಗ್‌ಸ್ಟರುಗಳಲ್ಲಿ ಡ್ರೈವರ್ ಎಂಜಿನ್ನಿನ ಮುಂದೆ ಕೂರುವ ಪದ್ಧತಿ ಊರಿದ್ದು ಹೀಗೆ. ನಿಮ್ಮ ಕಾರಿನ ಎಂಜಿನ್ ಮುಂದೆಯೇ ಇದೆ, ಹಾಗಾಗಿ ಕವಚ ಹಾಕಿಸಿ.

10.99ರ ಗೆರೆಯಲ್ಲಿ ಸೇರುವುದು: ಕಂಪನಿಯದರ ಬದಲು ಬೇರೆ ಗಟ್ಟಿ ಆಕ್ಸಲ್, ಆಕ್ಸಲ್ ಮುರಿದರೆ ಚಕ್ರ ಆಚೆ ಬರದ ಹಾಗೆ ತಡೆ, ಕ್ರ್ಯಾಂಕಿನ ತುದಿಗೆ ನಡುಕ ತಡೆಯುವ ಎಸ್‌ಎಫ್‌ಐ 18.1 ಬ್ಯಾಲೆನ್ಸರ್. ಫೈರ್‌ವಾಲ್ (ಎಂಜಿನ್ನಿಗೂ ಡ್ರೈವರಿಗೂ ನಡುವಿನ ಗೋಡೆ) ಅಥವಾ ನೆಲ ಕತ್ತರಿಸಿದ ಕಾರಿಗೆ ಇಲ್ಲಿಂದಲೇ ಪೂರ್ತಿ ಕೇಜ್. ಕತ್ತರಿಸದಿದ್ದರೆ 10.00ರವರೆಗೆ ಬಾರ್ ಸಾಕು. ಅಗಲ ಟೈರಿಗಾಗಿ ಹಿಂದಿನ ಚಕ್ರದ ಗೂಡು ದೊಡ್ಡದು ಮಾಡಿಸಿದ್ದನ್ನು ಮಾತ್ರ ಕತ್ತರಿಸಿದ್ದು ಅಂತ ಲೆಕ್ಕ ಹಿಡಿಯುವುದಿಲ್ಲ.

ಹಂತ 5: 9.99 ಗೆರೆ: ಕೇಜ್ ಮತ್ತು ಚಾಸಿ ಸರ್ಟಿಫಿಕೇಟ್

ಇಲ್ಲಿಯವರೆಗೆ ಟ್ರ್ಯಾಕಿನ ಟೆಕ್‌ನವರು ನೋಡಿ ಬಿಡುತ್ತಿದ್ದರು. 9.99 ಅಥವಾ 135 ಮೈಲಿ ದಾಟಿದರೆ ಎನ್‌ಎಚ್‌ಆರ್‌ಎ ನೇಮಿಸಿದ ಇನ್‌ಸ್ಪೆಕ್ಟರ್ ಚಾಸಿಯನ್ನು ಅಳೆದು, ನಂಬರ್ ಇರುವ ಸ್ಟಿಕ್ಕರನ್ನು ಕೇಜಿಗೆ ಅಂಟಿಸಬೇಕು. ಈ ಗುಂಪಿನ ಕಾರುಗಳಿಗೆ ಅದರ ಆಯಸ್ಸು 3 ವರ್ಷ. ತೀರಾ ವೇಗದ ಕ್ಲಾಸುಗಳಿಗೆ ವರ್ಷ ವರ್ಷ.

8.50 ಸೆಕೆಂಡಿನವರೆಗೆ ರೂಲ್ ಬುಕ್ಕಿನ ಸಾಮಾನ್ಯ ಕೇಜ್ ಚಿತ್ರ ಸಾಕು. ಬಾಡಿ ಇರುವ ಕಾರು 8.49ರಿಂದ 7.50ರ ನಡುವೆ ಓಡಿದರೆ ಚಾಸಿ ಎಸ್‌ಎಫ್‌ಐ 25.5ಕ್ಕೆ ಹೊಂದಬೇಕು. ಅದಕ್ಕಿಂತ ಕಡಿಮೆಗೆ ಇನ್ನೂ ಕಟ್ಟುನಿಟ್ಟಿನ ನಂಬರುಗಳು. 8.60 ಓಡುವ ಕಾರು ನಿಮ್ಮದಾದರೆ ಸಾಮಾನ್ಯ ಕೇಜಿನ ಯೋಚನೆ ಬಿಡಿ, ನೇರ 25.5 ಕಟ್ಟಿಸಿ. ಹತ್ತನೇ ಒಂದು ಸೆಕೆಂಡನ್ನು ಒಂದು ತಣ್ಣನೆ ಸಂಜೆಯೇ ಕೊಟ್ಟುಬಿಡುತ್ತದೆ.

ಇನ್‌ಸ್ಪೆಕ್ಟರ್ ಏನು ನೋಡುತ್ತಾರೆ?

ಕೊಳವೆಯ ದಪ್ಪವನ್ನು ಅಲ್ಟ್ರಾಸೋನಿಕ್ ಮೀಟರಿನಿಂದ ಅಳೆಯುತ್ತಾರೆ. ಹೊರಗಿನಿಂದಲೇ ಗೋಡೆ ಎಷ್ಟು ದಪ್ಪ ಅಂತ ಅದು ಹೇಳುತ್ತದೆ. ಸಾಮಾನ್ಯ ಕೇಜಿಗೆ ಹೊರಸುತ್ತು ಒಂದೂ ಐದೆಂಟನೇ ಇಂಚು, ಸುಮಾರು 41 ಮಿಲಿಮೀಟರ್. ದಪ್ಪ ಅದೇ 0.118 ಅಥವಾ 0.083. ಇದು ಕನಿಷ್ಠ. ಅಂಗಡಿಯಲ್ಲಿ ಸರಿಯಾಗಿ ಕನಿಷ್ಠದ ಮಾಲನ್ನೇ ತಂದರೆ ತಯಾರಿಕೆಯಲ್ಲಿ ಆದ ಸಣ್ಣ ವ್ಯತ್ಯಾಸಕ್ಕೇ ಫೇಲ್ ಆಗಬಹುದು. ಸ್ವಲ್ಪ ಹೆಚ್ಚು ದಪ್ಪದ್ದು ತನ್ನಿ.

ವೆಲ್ಡಿಂಗ್ ನೋಡುತ್ತಾರೆ. ಕ್ರೋಮೋಲಿಗೆ ಟಿಗ್ ವೆಲ್ಡಿಂಗೇ ಆಗಬೇಕು. ಮೈಲ್ಡ್ ಸ್ಟೀಲಿಗೆ ಮಿಗ್ ಆದರೂ ಸರಿ. ಗ್ರೈಂಡರ್ ಹಿಡಿದು ವೆಲ್ಡನ್ನು ನುಣುಪು ಮಾಡುವ ಹಾಗಿಲ್ಲ. ಅಂದಕ್ಕೆಂದು ಉಜ್ಜಿದ ವೆಲ್ಡ್ ಎಷ್ಟು ತೆಳುವಾಯಿತು ಅಂತ ಯಾರಿಗೆ ಗೊತ್ತು? ಬೆಸುಗೆ ಒರಟಾಗಿದ್ದರೂ ಹಾಗೇ ಇರಲಿ. ಬಣ್ಣವನ್ನೂ ಇನ್‌ಸ್ಪೆಕ್ಷನ್ ಮುಗಿದ ಮೇಲೆ ಹೊಡೆಸಿ. ಏನಾದರೂ ತಿದ್ದಿ ಅಂದರೆ ಹೊಸ ಬಣ್ಣ ಕೆರೆಯುವ ಕೆಲಸ ತಪ್ಪುತ್ತದೆ.

ಆಮೇಲೆ ನಿಮ್ಮನ್ನು ಒಳಗೆ ಕೂರಿಸಿ ನೋಡುವ ಅಳತೆಗಳು. ಹೆಲ್ಮೆಟ್ ಹಾಕಿ ಕೂತಾಗ ಕಮಾನು ಹೆಲ್ಮೆಟ್ಟಿಗಿಂತ 3 ಇಂಚಾದರೂ ಮೇಲಿರಬೇಕು, ತಲೆಯ ಹಿಂಬದಿಯಿಂದ 6 ಇಂಚಿನೊಳಗಿರಬೇಕು. ಬಾಗಿಲ ಕೊಳವೆ ನಿಮ್ಮ ಭುಜಕ್ಕೂ ಮೊಣಕೈಗೂ ನಡುವೆ ಹಾದುಹೋಗಬೇಕು. ಹತ್ತಿ ಇಳಿಯಲು ಸುಲಭವಾಗಲಿ ಅಂತ ಕೆಳಗೆ ಹಾಕಿಸಿದರೆ ಪಕ್ಕದಿಂದ ಬಡಿದಾಗ ತಡೆಯಲು ಅಲ್ಲಿ ಏನೂ ಇರುವುದಿಲ್ಲ. ಅಷ್ಟು ಕಷ್ಟವಾದರೆ 8.50ರವರೆಗಿನ ಕಾರುಗಳಿಗೆ ಬಾಗಿಲಿನಂತೆ ತೆರೆಯುವ ಕೊಳವೆಗೆ ಅವಕಾಶವಿದೆ. ಇಲ್ಲಿ ಒಂದು ಕಿವಿಮಾತು: ಮೊದಲು ಸೀಟು ಕೂರಿಸಿ, ಆಮೇಲೆ ಕೊಳವೆ ಬಗ್ಗಿಸಿ. ಕೇಜ್ ಆದ ಮೇಲೆ ಸೀಟು ಬದಲಿಸಿ, 2 ಇಂಚು ಎತ್ತರವಾಗಿ, ಎಲ್ಲ ಅಳತೆಯೂ ತಪ್ಪಿದವರು ಬೇಕಾದಷ್ಟು ಜನ ಇದ್ದಾರೆ. ತಲೆ ತಾಗಬಹುದಾದ ಕಡೆ ಎಸ್‌ಎಫ್‌ಐ 45.1 ಪ್ಯಾಡಿಂಗ್ ಹಾಕಿ. ಹತ್ತಿರದ ಅಂಗಡಿಯ ಮೆತ್ತನೆ ಫೋಮ್ ಆಗುವುದಿಲ್ಲ. ಅದು ಬೆರಳಿಗೆ ಮೆತ್ತಗಿದ್ದರೆ ತಲೆಬುರುಡೆಗೆ ಇಲ್ಲವೇ ಇಲ್ಲ ಅನ್ನುವಷ್ಟು ತೆಳು.

ಇದೇ ಗುಂಪಿನಲ್ಲಿ ಆಟೋಮ್ಯಾಟಿಕ್ ಗೇರಿನವರಿಗೆ ಎಸ್‌ಎಫ್‌ಐ 29.1 ಫ್ಲೆಕ್ಸ್‌ಪ್ಲೇಟ್ (ಫ್ಲೈವೀಲಿನ ಜಾಗದಲ್ಲಿ ಸುತ್ತುವ ತೆಳು ತಟ್ಟೆ), ಅದಕ್ಕೆ 30.1 ಕವಚ, ಟ್ರಾನ್ಸ್‌ಮಿಷನ್ನಿಗೆ 4.1 ಕವಚ ಅಥವಾ ಸಿಡಿದ ಚೂರು ಹಿಡಿಯುವ ಕಂಬಳಿ. ವೇಗ 150 ಮೈಲಿ ಮುಟ್ಟಿದರೆ ಕಾರನ್ನು ನಿಧಾನಿಸುವ ಪ್ಯಾರಾಚೂಟ್ ಕಡ್ಡಾಯ.

ಹಂತ 6: ಬೆಂಕಿ ಬಟ್ಟೆ

ಜಾಕೆಟ್ ಮೇಲಿನ 3.2ಎ/1, 3.2ಎ/5 ಎಂಬ ನಂಬರು ನೋಡಿ ತಲೆ ಕೆಡಿಸಿಕೊಳ್ಳಬೇಡಿ. ಗೆರೆಯ ಆಚೆಯ ಅಂಕಿ ಹೇಳುವುದು ಬೆಂಕಿಯ ಕಾವಿನಿಂದ ಚರ್ಮಕ್ಕೆ ಎರಡನೇ ದರ್ಜೆ ಸುಟ್ಟಗಾಯ ಆಗಲು ಎಷ್ಟು ಹೊತ್ತು ಹಿಡಿಯುತ್ತದೆ ಎಂದು. /1 ಅಂದರೆ ಸುಮಾರು 3 ಸೆಕೆಂಡು. /5 ಅಂದರೆ 10 ಸೆಕೆಂಡು. /15 ಅಂದರೆ 30, /20 ಅಂದರೆ 40 ಸೆಕೆಂಡು. ಮೂರು ಸೆಕೆಂಡಿನಲ್ಲಿ ಕಾರು ನಿಲ್ಲಿಸಿ, ಬೆಲ್ಟ್ ಬಿಚ್ಚಿ, ಬಾಗಿಲು ತೆರೆದು ಹೊರಗೆ ಬರಲು ನಿಮಗೆ ಆಗುತ್ತದಾ? ಮನೆ ಮುಂದೆ ಕಾರು ನಿಲ್ಲಿಸಿಕೊಂಡು ಗಡಿಯಾರ ಇಟ್ಟು ನೋಡಿ. ಆಮೇಲೆ ರೂಲ್ ಬುಕ್ /1 ಸಾಕು ಅಂದರೂ ನೀವೇ /5 ಕೊಳ್ಳುತ್ತೀರಿ.

ಒಳಗೆ ನೈಲಾನ್, ಪಾಲಿಯೆಸ್ಟರ್ ಹಾಕಬೇಡಿ. ಕಾವಿಗೆ ಕರಗಿ ಮೈಗೆ ಅಂಟುತ್ತದೆ. ಎಣ್ಣೆ, ಪೆಟ್ರೋಲ್ ಬಿದ್ದ ಸೂಟನ್ನು ಒಗೆಯದೆ ಹಾಕಬೇಡಿ. ಒಗೆಯುವಾಗ ಬ್ಲೀಚ್, ಬಟ್ಟೆ ಮೆತ್ತಗೆ ಮಾಡುವ ದ್ರವ ಎರಡೂ ಬೇಡ. ಆ ಸೂಟು ಹಾಕಿಕೊಂಡೇ ಕಾರಿನ ಕೆಳಗೆ ತೂರಿ ರಿಪೇರಿ ಮಾಡುವ ಅಭ್ಯಾಸ ಇದ್ದರೆ ಇವತ್ತೇ ಬಿಡಿ.

ಹಂತ 7: ತಾರೀಖಿನ ಲೆಕ್ಕ

ಇದನ್ನು ಮರೆತೇ ಅರ್ಧ ಜನ ಕೆಡುವುದು. ಲೇಬಲ್ಲಿನಲ್ಲಿ ತಿಂಗಳು, ವರ್ಷದ ಮೇಲೆ ತೂತು ಹೊಡೆದಿರುತ್ತಾರೆ. ಲೆಕ್ಕ ಶುರುವಾಗುವುದು ನೀವು ಕೊಂಡ ದಿನದಿಂದಲ್ಲ, ತಯಾರಾದ ದಿನದಿಂದ. ಬೆಲ್ಟಿಗೆ 2 ವರ್ಷ. ಡ್ರೈವರ್ ಕೈ ಹೊರಗೆ ಹೋಗದಂತೆ ತಡೆಯುವ ಕಿಟಕಿ ಬಲೆಗೂ 2 ವರ್ಷ. ಕ್ಲಚ್, ಫ್ಲೈವೀಲಿಗೆ 2. ಫ್ಲೆಕ್ಸ್‌ಪ್ಲೇಟಿಗೆ 3. ಟ್ರಾನ್ಸ್‌ಮಿಷನ್ ಕವಚಕ್ಕೆ 5. ಕುತ್ತಿಗೆ ಕಾಯುವ 38.1 ಸಾಧನಕ್ಕೆ 5.

"ಬೆಲ್ಟು ಹೊಸದರ ಹಾಗೇ ಇದೆಯಲ್ಲ" ಅಂತ ವಾದ ಮಾಡಿ ಪ್ರಯೋಜನವಿಲ್ಲ. ಬಿಸಿಲು ಬಿದ್ದರೆ ಪಟ್ಟಿಯ ನೂಲು ಒಳಗೊಳಗೇ ಬಲ ಕಳೆದುಕೊಳ್ಳುತ್ತದೆ, ಕಣ್ಣಿಗೆ ಕಾಣಿಸುವುದಿಲ್ಲ. ಅವಧಿ ಮುಗಿದ ಬೆಲ್ಟನ್ನು ತಯಾರಕರಿಗೆ ಕಳಿಸಿದರೆ ಕೆಲವರು ಹಳೆಯ ಬಕಲ್‌ಗೆ ಹೊಸ ಪಟ್ಟಿ ಹಾಕಿ, ಹೊಸ ಲೇಬಲ್ ಹೊಲಿದು ಕೊಡುತ್ತಾರೆ. ಹೊಸದಕ್ಕಿಂತ ಕಡಿಮೆಗೆ ಆಗುತ್ತದೆ.

ಅಂಗಡಿಯಲ್ಲಿ ರಿಯಾಯಿತಿ ದರದ ಬೆಲ್ಟ್ ಕಂಡರೆ ಮೊದಲು ತೂತು ನೋಡಿ. ವರ್ಷ ಆಗಲೇ ಗೋದಾಮಿನಲ್ಲಿ ಕಳೆದಿದ್ದರೆ ನಿಮಗೆ ಉಳಿದಿದ್ದು ಒಂದೇ ವರ್ಷ. ಸೆಕೆಂಡ್ ಹ್ಯಾಂಡ್ ಸಾಮಾನಿನಲ್ಲಿ ಲೇಬಲ್ ಹರಿದಿದ್ದರೆ, ಬಣ್ಣ ಮೆತ್ತಿದ್ದರೆ, ಮಾರುವವರು "ಇತ್ತು, ಬಿದ್ದುಹೋಯಿತು" ಅಂದರೆ ಸುಮ್ನೆ ಬಿಟ್ಟುಬನ್ನಿ. ಲೇಬಲ್ ಇಲ್ಲದ ಸಾಮಾನು ಟೆಕ್ ಲೆಕ್ಕದಲ್ಲಿ ಇಲ್ಲದ ಸಾಮಾನೇ. ಎಲ್ಲ ತಾರೀಖುಗಳನ್ನೂ ಒಂದು ಹಾಳೆಯಲ್ಲಿ ಬರೆದು ಗ್ಯಾರೇಜಿನ ಗೋಡೆಗೆ ಅಂಟಿಸಿ, ಸೀಸನ್ನಿಗೆ ಎರಡು ತಿಂಗಳು ಮುಂಚೆ ಒಮ್ಮೆ ಓದಿ.

ಹಂತ 8: ಲೈಸೆನ್ಸ್ ಮತ್ತು ಟೆಕ್ ದಿನ

9.99 ಅಥವಾ 135 ಮೈಲಿ ದಾಟುವವರಿಗೆ ಸ್ಪರ್ಧಾ ಲೈಸೆನ್ಸ್ ಬೇಕು. ವೈದ್ಯರ ತಪಾಸಣೆ, ಅರ್ಜಿ, ಆಮೇಲೆ ಓಟಗಳು: ಮೊದಲು ಸ್ವಲ್ಪ ದೂರ, ಮತ್ತೆ ಇನ್ನಷ್ಟು, ಕೊನೆಗೆ ಪೂರ್ತಿ. ಈಗಾಗಲೇ ಲೈಸೆನ್ಸ್ ಇರುವ ಇಬ್ಬರು ಡ್ರೈವರುಗಳು ನೋಡಿ ಸಹಿ ಹಾಕಬೇಕು. ಲೈಸೆನ್ಸ್ ಓಟಕ್ಕೆ ಬರುವಾಗಲೇ ಕಾರಿಗೆ ಚಾಸಿ ಸ್ಟಿಕ್ಕರ್, ಮೈಮೇಲೆ ಸೂಟು, ಎಲ್ಲ ಇರಬೇಕು. ಮೊದಲು ಲೈಸೆನ್ಸ್, ಆಮೇಲೆ ಸಾಮಾನು ಅನ್ನುವ ಲೆಕ್ಕಾಚಾರ ಇಲ್ಲಿ ನಡೆಯುವುದಿಲ್ಲ.

ಟೆಕ್ ದಿನ ಬೆಳಿಗ್ಗೆ ಬೇಗ ಹೋಗಿ. ಬಾನೆಟ್ ತೆರೆದಿಡಿ. ಹೆಲ್ಮೆಟ್, ಜಾಕೆಟ್, ಗ್ಲೌಸನ್ನು ಲೇಬಲ್ ಮೇಲೆ ಕಾಣುವ ಹಾಗೆ ಸೀಟಿನ ಮೇಲಿಡಿ. ಚಾಸಿ ಸ್ಟಿಕ್ಕರ್, ಲೈಸೆನ್ಸ್, ಹಿಂದಿನ ಟೈಮ್ ಸ್ಲಿಪ್ ಕೈಗೆ ಸಿಗುವಂತಿರಲಿ. ಇನ್‌ಸ್ಪೆಕ್ಟರ್ "ಎಷ್ಟು ಓಡುತ್ತೆ?" ಅಂದರೆ ನಿಜ ಹೇಳಿ. 12 ಅಂತ ಹೇಳಿ 10.8 ಓಡಿಸಿದರೆ ಬೋರ್ಡಿನ ಮೇಲೆ ದೊಡ್ಡ ಅಕ್ಷರದಲ್ಲಿ ಎಲ್ಲರಿಗೂ ಕಾಣುತ್ತದೆ. ಫೇಲ್ ಮಾಡಿದರೆ ಜಗಳಕ್ಕೆ ನಿಲ್ಲಬೇಡಿ, ಯಾವ ನಿಯಮ ಅಂತ ಕೇಳಿ ಬರೆದುಕೊಳ್ಳಿ. ಸಾಮಾನ್ಯವಾಗಿ ಹೇಗೆ ಸರಿಮಾಡಬೇಕು ಅಂತಲೂ ಅವರೇ ಹೇಳಿಕೊಡುತ್ತಾರೆ.

ಲೈಸೆನ್ಸಿಗೆ ಬಂದವರಿಗೆ ಇನ್ನೊಂದು ಪರೀಕ್ಷೆ ಉಂಟು, ಇದಕ್ಕೆ ದುಡ್ಡು ಬೇಡ, ಅಭ್ಯಾಸ ಬೇಕು. ಬೆಲ್ಟ್ ಬಿಗಿದು ಕೂರಿಸಿ ಕಣ್ಣು ಕಟ್ಟುತ್ತಾರೆ. "ಇಗ್ನಿಷನ್", "ಪ್ಯಾರಾಚೂಟ್", "ಬೆಲ್ಟ್ ಬಕಲ್" ಅಂತ ಒಂದೊಂದೇ ಹೆಸರು ಕರೆಯುತ್ತಾರೆ, ತಡವರಿಸದೆ ಅದರ ಮೇಲೆ ಕೈ ಇಡಬೇಕು. ಕಾರು ಹೊಗೆ ತುಂಬಿದಾಗ ನಿಮಗೆ ಕಾಣಿಸುವುದು ಅಷ್ಟೇ ತಾನೇ. ಹಿಂದಿನ ಒಂದು ವಾರ ರಾತ್ರಿ ಗ್ಯಾರೇಜಿನ ದೀಪ ಆರಿಸಿ, ಗ್ಲೌಸ್ ಹಾಕಿಕೊಂಡು ಕಾರಿನಲ್ಲಿ ಕೂತು ಅಭ್ಯಾಸ ಮಾಡಿ. ಗ್ಲೌಸ್ ಹಾಕಿದ ಕೈಗೆ ಯಾವುದಾದರೂ ಸ್ವಿಚ್ ಸಿಗದಿದ್ದರೆ ಅದನ್ನು ಬೇರೆ ಕಡೆಗೆ ಬದಲಿಸಲು ಇನ್ನೂ ಸಮಯವಿರುತ್ತದೆ.